ಮುಷ್ಕರ ನಿಲ್ಲಿಸಿದ ಇತಿಹಾಸಕಾರ: ರಾಬರ್ಟ್ ಗ್ರಿಮ್

ಮುಷ್ಕರ ಹೂಡುವುದಕ್ಕೆ ಒಂದು ದಿನದ ಧೈರ್ಯ ಸಾಕು, ಅದನ್ನು ಹಿಂದಕ್ಕೆ ಪಡೆದವನಿಗೆ ಮಾತ್ರ ಜೀವಮಾನದ ಅಪವಾದ ಅಂಟಿಕೊಳ್ಳುತ್ತದೆ ಎಂಬ ಅರ್ಥದ ಮಾತನ್ನು ಕೆಜಿಎಫ್‌ನ ಹಳೆಯ ಕಾರ್ಮಿಕರೊಬ್ಬರು ನನ್ನೊಡನೆ ಆಡಿದ್ದರು. ಚಾಂಪಿಯನ್ ರೀಫ್‌ನಲ್ಲಿ ದುಡಿದು, ಗಣಿ ಮುಚ್ಚುವುದನ್ನು ಕಣ್ಣಾರೆ ಕಂಡವರು ಅವರು. 'ಕೆಲಸಕ್ಕೆ ಇಳೀಬೇಡಿ ಅಂದವನನ್ನ ಜನ ಮರೀತಾರೆ ಮೇಷ್ಟ್ರೇ, ವಾಪಸ್ ಇಳೀರಿ ಅಂದವನನ್ನ ಮರೆಯಲ್ಲ' ಎಂದಿದ್ದರು. ಇತಿಹಾಸವನ್ನು ಪಾಠ ಹೇಳಿ ಜೀವನ ಸಾಗಿಸಿದ ನನಗೆ ಆ ಮಾತಿಗೆ ತಕ್ಕ ಉದಾಹರಣೆ ಸಿಕ್ಕಿದ್ದು ಕೋಲಾರದಲ್ಲಲ್ಲ, ಸ್ವಿಟ್ಜರ್ಲೆಂಡಿನಲ್ಲಿ. ಆ ದೇಶದ ಚರಿತ್ರೆಯಲ್ಲೇ ಅತಿ ದೊಡ್ಡ ಮುಷ್ಕರದ ಮುಂದಾಳಾಗಿದ್ದ, ಮೂರನೆಯ ದಿನ ಅದನ್ನು ನಿಲ್ಲಿಸಿದ ಸಮಿತಿಯ ಅಧ್ಯಕ್ಷನೂ ಆಗಿದ್ದ, ಮುಷ್ಕರ ಹೂಡಿದ ತಪ್ಪಿಗೆ ಸೆರೆಗೆ ಹೋಗಿ ಅಲ್ಲಿಯೇ ಕುಳಿತು ತನ್ನ ದೇಶದ ಇತಿಹಾಸವನ್ನು ಬರೆದ ರಾಬರ್ಟ್ ಗ್ರಿಮ್ ಎಂಬಾತನ ಬದುಕನ್ನು ಕುರಿತು ಈ ಬರಹ.

ಗ್ರಿಮ್ ಹುಟ್ಟಿದ್ದು 1881ರ ಏಪ್ರಿಲ್ 16ರಂದು, ಜ್ಯೂರಿಕ್ ಪ್ರಾಂತದ ವಾಲ್ಡ್ ಎಂಬ ಊರಿನಲ್ಲಿ. ಸ್ವಿಟ್ಜರ್ಲೆಂಡ್ ಎಂದೊಡನೆ ನಮ್ಮವರ ಕಣ್ಣಿಗೆ ಹಿಮದ ಬೆಟ್ಟ, ಹಸಿರು ಗೋಮಾಳ, ಸಿನಿಮಾದ ಹಾಡು ಬರುತ್ತವೆ. ವಾಲ್ಡ್ ಮಾತ್ರ ನೂಲಿನ ಮತ್ತು ನೇಯ್ಗೆಯ ಕಾರ್ಖಾನೆಗಳಿಂದ ತುಂಬಿದ್ದ ಊರು. ಗ್ರಿಮ್‌ನ ತಂದೆತಾಯಿಗಳು ಕಾರ್ಖಾನೆಯ ಕೂಲಿಗಳೇ. ಹುಡುಗ ಶಾಲೆ ಮುಗಿಸಿ ಸೇರಿದ್ದು ಮುದ್ರಣದ ಕೆಲಸಕ್ಕೆ. ಕೆಲಸ ಕಲಿತ ಮೇಲೆ, ಆ ಕಾಲದ ಯುರೋಪಿನ ಕಸುಬುದಾರರ ವಾಡಿಕೆಯಂತೆ, ಊರಿಂದೂರಿಗೆ ಕೆಲಸ ಹುಡುಕುತ್ತಾ ನೆರೆಯ ದೇಶಗಳನ್ನು ಸುತ್ತಿದ.

ಅಚ್ಚಿನಮನೆಯಿಂದ ರಾಜಕಾರಣಕ್ಕೆ ಬಂದವರ ಸಂಖ್ಯೆ ಆ ತಲೆಮಾರಿನಲ್ಲಿ ದೊಡ್ಡದು, ಅದಕ್ಕೆ ಕಾರಣವೂ ಇದೆ. ನಮ್ಮ ಕೋಲಾರದಲ್ಲಿ ಆಫ್‌ಸೆಟ್ ಬರುವ ಮುನ್ನ ಇದ್ದ ಟ್ರೆಡಲ್ ಪ್ರೆಸ್ಸುಗಳನ್ನು ನೋಡಿದವರಿಗೆ ಅದು ಹೊಳೆಯುತ್ತದೆ. ಕಾಲಿನಿಂದ ಯಂತ್ರ ತುಳಿಯುತ್ತಾ, ಒಂದು ಕೈಯಲ್ಲಿ ಹಾಳೆ ಇಟ್ಟು ಇನ್ನೊಂದರಲ್ಲಿ ತೆಗೆಯುತ್ತಾ, ಬೆರಳ ಸಂದಿಯ ಮಸಿಯನ್ನು ಸೀಮೆಎಣ್ಣೆಯ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ ಆಳು, ಲಗ್ನಪತ್ರಿಕೆಯಿಂದ ಹಿಡಿದು ಚುನಾವಣೆಯ ಕರಪತ್ರದವರೆಗೆ ಊರಿನ ಪ್ರತಿಯೊಂದು ಸುದ್ದಿಯನ್ನೂ ಊರಿಗಿಂತ ಮೊದಲು ಓದಿರುತ್ತಿದ್ದ. ಓದು ಆ ಕಸುಬಿನೊಳಗೇ ಇತ್ತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಗ್ರಿಮ್ ಇಪ್ಪತ್ತೈದರ ವಯಸ್ಸಿಗೆ, 1906ರಲ್ಲಿ, ರಾಜಕೀಯ ಸಾಮೂಹಿಕ ಮುಷ್ಕರವನ್ನು ಕುರಿತು ಒಂದು ಕಿರುಹೊತ್ತಿಗೆ ಬರೆದ. ಮತಪೆಟ್ಟಿಗೆಯೊಂದನ್ನೇ ನಂಬಿ ಕೂರದೆ, ದುಡಿಯುವುದನ್ನೇ ನಿಲ್ಲಿಸುವ ಶಕ್ತಿಯನ್ನು ಕಾರ್ಮಿಕರು ರಾಜಕೀಯ ಬೇಡಿಕೆಗಾಗಿಯೂ ಬಳಸಬೇಕು ಎಂಬುದು ಅದರ ವಾದ. ಹಿಂದಿನ ವರ್ಷವಷ್ಟೇ ರಷ್ಯಾದಲ್ಲಿ ನಡೆದಿದ್ದ ಕ್ರಾಂತಿಯ ಬಿಸಿ ಆಗ ಯುರೋಪಿನ ಎಲ್ಲ ಸಮಾಜವಾದಿಗಳಿಗೂ ತಟ್ಟಿತ್ತು.

ಅದೇ ಹೊತ್ತಿಗೆ ಬಾಸೆಲ್ ನಗರದಲ್ಲಿ ಕಾರ್ಮಿಕರ ಕಾರ್ಯದರ್ಶಿಯಾದ; 1909ರಲ್ಲಿ ಬರ್ನ್‌ನ ಸಮಾಜವಾದಿ ದಿನಪತ್ರಿಕೆ 'ಬರ್ನರ್ ಟಾಗ್‌ವಾಖ್ಟ್'ನ ಸಂಪಾದಕನಾದ; 1911ರಲ್ಲಿ, ಮೂವತ್ತರ ಹರೆಯದಲ್ಲಿ, ಸಂಸತ್ತಿನ ಕೆಳಮನೆಯಾದ ರಾಷ್ಟ್ರೀಯ ಸಭೆಗೆ ಆರಿಸಿಬಂದ. 1919ರಲ್ಲಿ ಬಂದ ಸ್ವಲ್ಪ ಕಾಲದ ಬಿಡುವೊಂದನ್ನು ಬಿಟ್ಟರೆ 1955ರವರೆಗೆ ಅಲ್ಲಿಂದ ಕದಲಲಿಲ್ಲ. ರಷ್ಯಾದಿಂದ ಬಂದಿದ್ದ ರೋಸಾ ಎಂಬ ಸಮಾಜವಾದಿ ಹೆಣ್ಣುಮಗಳನ್ನು ಮದುವೆಯಾಗಿದ್ದ. ಆ ಮದುವೆ ಯುದ್ಧದ ನಡುವೆ ಮುರಿದುಬಿತ್ತು. ಗಂಡನಿಗಿಂತ ಹೆಚ್ಚು ಎಡಕ್ಕೆ ನಡೆದ ರೋಸಾ ಗ್ರಿಮ್ ಮುಂದೆ ಕಮ್ಯುನಿಸ್ಟ್ ಪಕ್ಷ ಸೇರಿದಳು.

1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳ ದೊಡ್ಡ ದೊಡ್ಡ ಸಮಾಜವಾದಿ ಪಕ್ಷಗಳು ತಂತಮ್ಮ ಸರ್ಕಾರಗಳ ಬೆನ್ನಿಗೆ ನಿಂತವು. ಪ್ರಪಂಚದ ಕಾರ್ಮಿಕರೆಲ್ಲ ಒಂದು ಎಂದು ಹೇಳುತ್ತಿದ್ದವರು ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಕೈ ಎತ್ತಿದರು. ಇದನ್ನು ಒಪ್ಪದವರನ್ನು ಒಂದೆಡೆ ಸೇರಿಸುವ ಕೆಲಸ ತಟಸ್ಥ ದೇಶದ ಗ್ರಿಮ್ ಪಾಲಿಗೆ ಬಂತು. 1915ರ ಸೆಪ್ಟೆಂಬರ್ 5ರಿಂದ 8ರವರೆಗೆ ಬರ್ನ್ ಹತ್ತಿರದ ಜಿಮ್ಮರ್‌ವಾಲ್ಡ್ ಎಂಬ ಹಳ್ಳಿಯ ವಸತಿಗೃಹವೊಂದರಲ್ಲಿ ಸಭೆ ಸೇರಿತು. ಪಕ್ಷಿವೀಕ್ಷಕರ ಕೂಟ ಎಂದು ಹೇಳಿ ಕೋಣೆಗಳನ್ನು ಕಾದಿರಿಸಲಾಗಿತ್ತು. ಬರ್ನ್‌ನಿಂದ ಕುದುರೆಗಾಡಿಗಳಲ್ಲಿ ಹೊರಟ ಆ ಮೂವತ್ತೆಂಟು 'ಪಕ್ಷಿಪ್ರಿಯ'ರಲ್ಲಿ ಲೆನಿನ್, ಟ್ರಾಟ್ಸ್ಕಿ ಇಬ್ಬರೂ ಇದ್ದರು. ಹಲವು ದೇಶಗಳ ಕಾರ್ಮಿಕರ ಒಕ್ಕೂಟವಾದ ಮೊದಲನೆಯ ಇಂಟರ್‌ನ್ಯಾಷನಲ್ ಹುಟ್ಟಿ ಅರ್ಧ ಶತಮಾನ ಕಳೆದರೂ ಅಂತರರಾಷ್ಟ್ರೀಯವಾದಿಗಳನ್ನೆಲ್ಲ ನಾಲ್ಕು ಗಾಡಿಗಳಲ್ಲಿ ಕೂರಿಸಬಹುದಾಗಿದೆ ಎಂದು ತಾವೇ ನಗೆಯಾಡಿಕೊಂಡದ್ದನ್ನು ಟ್ರಾಟ್ಸ್ಕಿ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಯುದ್ಧವನ್ನು ಅಂತರ್ಯುದ್ಧವನ್ನಾಗಿ ತಿರುಗಿಸಬೇಕೆಂಬ ಲೆನಿನ್‌ನ ಗುಂಪಿಗೆ ಅಲ್ಲಿ ಬಹುಮತ ಸಿಗಲಿಲ್ಲ. ಮೊದಲು ಶಾಂತಿ, ಅದಕ್ಕಾಗಿ ಆದಷ್ಟು ದೊಡ್ಡ ಒಗ್ಗಟ್ಟು ಎಂಬುದು ಗ್ರಿಮ್ ಮತ್ತು ಹೆಚ್ಚಿನವರ ನಿಲುವು. ಮರುವರ್ಷ ಏಪ್ರಿಲಿನಲ್ಲಿ ಕೀಂಟಾಲ್ ಎಂಬಲ್ಲಿ ಎರಡನೆಯ ಸಭೆ ನಡೆಯಿತು. ಲೆನಿನ್ ಅಂದಿನಿಂದ ಗ್ರಿಮ್‌ನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದ. ಎರಡೂ ಸಭೆಗಳ ಬೆನ್ನೆಲುಬಾಗಿ ನಿಂತು, ಪತ್ರ ಬರೆದು, ಹಣ ಹೊಂದಿಸಿ, ರಹಸ್ಯ ಕಾಪಾಡಿದವನು ಮಾತ್ರ ಆ ಬೈಗುಳ ತಿಂದವನೇ.

1917ರಲ್ಲಿ ಆತ ಮಾಡಿಕೊಂಡ ಎಡವಟ್ಟನ್ನು ನಾನು ಮುಚ್ಚಿಡುವುದಿಲ್ಲ. ಆ ವರ್ಷದ ಬೇಸಿಗೆಯ ಹೊತ್ತಿಗೆ ರಷ್ಯಾದ ಅಂದಿನ ರಾಜಧಾನಿ ಪೆಟ್ರೊಗ್ರಾಡಿಗೆ ಹೋದ ಗ್ರಿಮ್, ರಷ್ಯಾ ಜರ್ಮನಿಗಳ ನಡುವೆ ಶಾಂತಿಗೆ ಯಾವ ಷರತ್ತುಗಳಿರಬಹುದೆಂದು ಸ್ವಿಸ್ ರಾಯಭಾರ ಕಚೇರಿಯ ಮೂಲಕ ತನ್ನ ದೇಶದ ವಿದೇಶಾಂಗ ಮಂತ್ರಿ ಆರ್ಥರ್ ಹಾಫ್‌ಮನ್‌ನನ್ನು ಕೇಳಿದ. ಹಾಫ್‌ಮನ್ ತಂತಿಯ ಮೂಲಕ ಜರ್ಮನಿಯ ಮನಸ್ಸನ್ನು ತಿಳಿಸಿದ. ಗೂಢಲಿಪಿಯಲ್ಲಿದ್ದ ಆ ತಂತಿ ಬಯಲಾಗಿ ಪತ್ರಿಕೆಯಲ್ಲಿ ಅಚ್ಚಾಯಿತು. ತಟಸ್ಥ ದೇಶದ ಮಂತ್ರಿಯೊಬ್ಬ ಜರ್ಮನಿಗೆ ಅನುಕೂಲವಾಗುವಂತೆ ಪ್ರತ್ಯೇಕ ಶಾಂತಿಗೆ ಹೊರಟಿದ್ದಾನೆಂದು ಮಿತ್ರರಾಷ್ಟ್ರಗಳು ಕೆರಳಿದವು. ಜೂನ್ ತಿಂಗಳಲ್ಲಿ ಹಾಫ್‌ಮನ್ ರಾಜೀನಾಮೆ ಕೊಟ್ಟ, ಗ್ರಿಮ್‌ನನ್ನು ರಷ್ಯಾದಿಂದ ಹೊರಹಾಕಲಾಯಿತು. ಸರ್ಕಾರಗಳ ಗುಟ್ಟಿನ ರಾಜತಂತ್ರವನ್ನು ಖಂಡಿಸುತ್ತಾ ಬಂದವನು ತಾನೇ ಅದರ ಹಿಂಬಾಗಿಲಲ್ಲಿ ನಿಂತದ್ದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಉದ್ದೇಶ ಶಾಂತಿಯೇ ಆಗಿದ್ದರೂ ದಾರಿ ತಪ್ಪಿತ್ತು. ಜಿಮ್ಮರ್‌ವಾಲ್ಡ್ ಚಳವಳಿಯ ನಾಯಕತ್ವ ಆತನ ಕೈಯಿಂದ ಜಾರಿಹೋದದ್ದು ಅಲ್ಲಿಂದಲೇ.

ಇನ್ನು 1918. ಈ ವರ್ಷದ ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯಬೇಕು.

ಯುದ್ಧದಲ್ಲಿ ಸ್ವಿಟ್ಜರ್ಲೆಂಡ್ ಭಾಗವಹಿಸಲಿಲ್ಲ ನಿಜ, ಆದರೆ ಯುದ್ಧದ ಬೆಲೆ ಅಲ್ಲಿನ ಬಡವರ ಮೇಲೂ ಬಿತ್ತು. ಗಡಿ ಕಾಯಲು ಕರೆಸಿಕೊಂಡ ಗಂಡಸರಿಗೆ ಕಾರ್ಖಾನೆಯ ಕೂಲಿ ನಿಂತುಹೋಗುತ್ತಿತ್ತು, ಅದಕ್ಕೆ ಪರಿಹಾರವೆಂಬುದು ಇರಲಿಲ್ಲ. ಸೈನಿಕನ ಅಲ್ಪ ಭತ್ಯೆಯಲ್ಲಿ ಹೆಂಡತಿ ಮಕ್ಕಳು ಬಾಡಿಗೆ ಕಟ್ಟಬೇಕಿತ್ತು. ಬೆಲೆಗಳು ಯುದ್ಧಕ್ಕೆ ಮುಂಚೆ ಇದ್ದುದಕ್ಕಿಂತ ಎರಡು ಪಟ್ಟಿಗೂ ಮೇಲೇರಿದ್ದವು. ಸುಮಾರು ನಲವತ್ತು ಲಕ್ಷ ಜನಸಂಖ್ಯೆಯ ದೇಶದಲ್ಲಿ, ಕಡಿಮೆ ದರದ ಆಹಾರಕ್ಕೆ ಅರ್ಹರೆಂದು 1918ರ ಮಧ್ಯಭಾಗದಲ್ಲಿ ದಾಖಲಾಗಿದ್ದವರು ಆರು ಲಕ್ಷಕ್ಕೂ ಹೆಚ್ಚು ಮಂದಿ. ಅತ್ತ ಯುದ್ಧಕ್ಕೆ ಸರಕು ಒದಗಿಸುತ್ತಿದ್ದ ಕಂಪನಿಗಳ ಲಾಭ ಏರುತ್ತಲೇ ಇತ್ತು.

ಫೆಬ್ರವರಿ 4ರಂದು ಓಲ್ಟನ್ ಎಂಬ ರೈಲ್ವೆ ಜಂಕ್ಷನ್ ಊರಿನಲ್ಲಿ ಸಮಾಜವಾದಿ ಪಕ್ಷದ ಮತ್ತು ಕಾರ್ಮಿಕ ಸಂಘಗಳ ಮುಖಂಡರು ಸೇರಿ ಒಂದು ಕ್ರಿಯಾ ಸಮಿತಿ ರಚಿಸಿಕೊಂಡರು. ಗ್ರಿಮ್ ಅದರ ಅಧ್ಯಕ್ಷ. ಸಮಿತಿಯಲ್ಲಿದ್ದ ಒಬ್ಬಳೇ ಹೆಣ್ಣುಮಗಳು ರೋಸಾ ಬ್ಲಾಖ್‌ಳ ಜಾಗಕ್ಕೆ ಕೆಲವೇ ವಾರಗಳಲ್ಲಿ ಗಂಡಸೊಬ್ಬ ಬಂದ. ಆಕೆಯಾದರೋ ಸುಮ್ಮನೆ ಕೂರಲಿಲ್ಲ, ಜೂನ್ ತಿಂಗಳಲ್ಲಿ ಜ್ಯೂರಿಕ್‌ನ ಹೆಂಗಸರನ್ನು ಕಟ್ಟಿಕೊಂಡು ಹಸಿವಿನ ಮೆರವಣಿಗೆಯನ್ನು ಪ್ರಾಂತ ಸರ್ಕಾರದ ಬಾಗಿಲಿಗೆ ಒಯ್ದಳು.

ಸಮಿತಿ ಸರ್ಕಾರದೊಡನೆ ಮೊದಲ ಸಲ ಬಲ ಪರೀಕ್ಷಿಸಿದ್ದು ಏಪ್ರಿಲಿನಲ್ಲಿ, ಹಾಲಿನ ಬೆಲೆಯ ವಿಷಯದಲ್ಲಿ. ಹಾಲಿನ ಡೇರಿ ಇಲ್ಲದ ಹಳ್ಳಿಯೇ ಇಲ್ಲದ ನಮ್ಮ ಜಿಲ್ಲೆಯವರಿಗೆ ಇದರ ಒಳಸುಳಿ ಬಿಡಿಸಿ ಹೇಳಬೇಕಿಲ್ಲ. ಲೀಟರಿಗೆ ಎರಡು ರೂಪಾಯಿ ಏರಿದರೆ ಮುಳಬಾಗಿಲಿನ ಕಡೆಯ ರೈತ ಅಷ್ಟಾದರೂ ಸಿಕ್ಕಿತಲ್ಲ ಎನ್ನುತ್ತಾನೆ, ಬೆಂಗಳೂರಿನ ಬಾಡಿಗೆ ಮನೆಯ ಗೃಹಿಣಿ ಲೆಕ್ಕ ತಪ್ಪಿತೆಂದು ತಲೆಯ ಮೇಲೆ ಕೈಹೊರುತ್ತಾಳೆ, ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಸ್ವಿಟ್ಜರ್ಲೆಂಡಿನಲ್ಲೂ ಆದದ್ದು ಅದೇ. ನಗರದ ಕಾರ್ಮಿಕರ ದನಿಗೆ ಸರ್ಕಾರ ಸ್ವಲ್ಪ ಮಣಿಯಿತು. ಆದರೆ ಹಾಲು ಕರೆಯುವವನಿಗೂ ಹಾಲು ಕೊಳ್ಳುವವನಿಗೂ ನಡುವೆ ಅಂದು ಬಿದ್ದ ಬಿರುಕನ್ನು ಗ್ರಿಮ್‌ನ ಸಮಿತಿ ಗಮನಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ನನ್ನ ಆಕ್ಷೇಪ. ನವೆಂಬರಿನಲ್ಲಿ ನಗರಗಳ ಬೀದಿಗಳಿಗೆ ಬಂದೂಕು ಹಿಡಿದು ಬಂದವರು ಹೆಚ್ಚಾಗಿ ಈ ಹಾಲು ಕರೆಯುವ ಮನೆಗಳ ಹುಡುಗರೇ.

ಮಾರ್ಚ್ ತಿಂಗಳಲ್ಲಿ ಗ್ರಿಮ್ ಸಮಿತಿಗಾಗಿ ಒಂದು ಟಿಪ್ಪಣಿ ಸಿದ್ಧಪಡಿಸಿದ್ದ. ಹೋರಾಟವನ್ನು ನಾಲ್ಕು ಹಂತಗಳಲ್ಲಿ ಏರಿಸುವ ಯೋಜನೆ ಅದು: ಸಭೆ ಮತ್ತು ಪ್ರಚಾರ, ನಂತರ ಪ್ರದರ್ಶನ, ನಂತರ ಗೊತ್ತುಪಡಿಸಿದ ಅವಧಿಯ ಮುಷ್ಕರ, ಕೊನೆಗೆ ಅವಧಿಯಿಲ್ಲದ ಸಾರ್ವತ್ರಿಕ ಮುಷ್ಕರ. ಕೊನೆಯ ಹಂತ ಆಳುವ ವರ್ಗವನ್ನೇ ಉರುಳಿಸುವತ್ತ ಹೋಗಬಹುದು ಎಂಬ ಮಾತೂ ಅದರಲ್ಲಿತ್ತು, ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಮುಂದೆ ವಿರೋಧಿಗಳು ಈ ಟಿಪ್ಪಣಿಯನ್ನೇ ಹಿಡಿದು, ಮಾಸ್ಕೋದ ಹಣದಿಂದ ಅಂತರ್ಯುದ್ಧಕ್ಕೆ ಸಂಚು ನಡೆದಿತ್ತೆಂದು ದಶಕಗಳ ಕಾಲ ಹೇಳಿಕೊಂಡು ಬಂದರು.

ನವೆಂಬರಿನ ಮೊದಲ ವಾರ. ಜರ್ಮನಿಯಲ್ಲಿ ಕೈಸರನ ಸಿಂಹಾಸನ ಅಲುಗಾಡುತ್ತಿತ್ತು. ರಷ್ಯಾದ ಕ್ರಾಂತಿಯ ವಾರ್ಷಿಕೋತ್ಸವಕ್ಕೆ ಜ್ಯೂರಿಕ್‌ನಲ್ಲಿ ಏನೋ ಆಗಲಿದೆಯೆಂಬ ಗಾಳಿಮಾತು ಎದ್ದು, ಸೇನಾಪತಿ ಉಲ್ರಿಖ್ ವಿಲ್ಲೆಯ ಒತ್ತಾಯದ ಮೇಲೆ ಸರ್ಕಾರ ಆ ನಗರಕ್ಕೆ ಪಡೆಗಳನ್ನು ಕಳಿಸಿತು. ಪ್ರತಿಭಟನೆಯಾಗಿ 9ರಂದು, ಶನಿವಾರ, ಹತ್ತೊಂಬತ್ತು ಕೈಗಾರಿಕಾ ಊರುಗಳಲ್ಲಿ ಒಂದು ದಿನದ ಮುಷ್ಕರ ನಡೆಯಿತು. ಜ್ಯೂರಿಕ್‌ನ ಕಾರ್ಮಿಕರು ಕೆಲಸಕ್ಕೆ ಮರಳಲು ಒಪ್ಪಲಿಲ್ಲ. ಮರುದಿನ ಅಲ್ಲಿ ಸೈನಿಕರಿಗೂ ಜನರಿಗೂ ಘರ್ಷಣೆಯಾಗಿ ಒಬ್ಬ ಸೈನಿಕ ಸತ್ತ. ಹಿಂದೆ ಸರಿಯುವ ದಾರಿ ಮುಚ್ಚಿದಾಗ ಸಮಿತಿ 12ರಿಂದ ದೇಶದಾದ್ಯಂತ ಅವಧಿಯಿಲ್ಲದ ಮುಷ್ಕರಕ್ಕೆ ಕರೆ ಕೊಟ್ಟಿತು. ಎರಡೂವರೆ ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ರೈಲುಗಳು ನಿಂತವು. ಸರ್ಕಾರ ಸುಮಾರು 95,000 ಸೈನಿಕರನ್ನು ಇಳಿಸಿತು. ಇದೆಲ್ಲ ನಡೆದದ್ದು ಇನ್‌ಫ್ಲುಯೆಂಜಾ ಉಲ್ಬಣಿಸಿದ್ದ ದಿನಗಳಲ್ಲಿ ಎಂಬುದನ್ನು ಮರೆಯಬಾರದು. ಅದೇ ಜ್ವರ ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲೂ ಮನೆಮನೆ ಖಾಲಿ ಮಾಡಿತ್ತು. ಒಂದೇ ಕೊಠಡಿಯಲ್ಲಿ ಒತ್ತಿಕೊಂಡು ಮಲಗಿದ ಸೈನಿಕರು ಅಲ್ಲಿ ನೂರಾರು ಸಂಖ್ಯೆಯಲ್ಲಿ ಸತ್ತರು, ಆ ಸಾವುಗಳ ಹೊಣೆಯೂ ಮುಷ್ಕರದವರ ತಲೆಗೆ ಬಂತು.

ಮುಷ್ಕರದ ಬೇಡಿಕೆಗಳು ಒಂಬತ್ತು. ಪ್ರಮಾಣಾನುಗುಣ ಪ್ರಾತಿನಿಧ್ಯದ ಪ್ರಕಾರ (ಪಕ್ಷಕ್ಕೆ ಬಿದ್ದ ಮತಗಳಿಗೆ ತಕ್ಕಷ್ಟು ಸ್ಥಾನ ಕೊಡುವ ಪದ್ಧತಿ) ರಾಷ್ಟ್ರೀಯ ಸಭೆಗೆ ಕೂಡಲೇ ಮರುಚುನಾವಣೆ, ಹೆಂಗಸರಿಗೆ ಮತದಾನದ ಮತ್ತು ಸ್ಪರ್ಧೆಯ ಹಕ್ಕು, ಎಲ್ಲರಿಗೂ ದುಡಿಮೆಯ ಕರ್ತವ್ಯ, ವಾರಕ್ಕೆ 48 ಗಂಟೆಗಳ ಕೆಲಸ, ಸೈನ್ಯದ ಸುಧಾರಣೆ, ಆಹಾರ ಪೂರೈಕೆಯ ಭದ್ರತೆ, ವೃದ್ಧರಿಗೂ ಅಂಗವಿಕಲರಿಗೂ ವಿಮೆ, ಆಮದು ರಫ್ತಿನ ಮೇಲೆ ಸರ್ಕಾರದ ಏಕಸ್ವಾಮ್ಯ, ಯುದ್ಧದ ಸಾಲವನ್ನು ಸಿರಿವಂತರಿಂದ ವಸೂಲು ಮಾಡುವುದು. ಈ ಪಟ್ಟಿಯನ್ನು ನಮ್ಮ ಇಂದಿನ ಕಣ್ಣಿನಿಂದ ಓದಿದರೆ ಇದರಲ್ಲಿ ಸರ್ಕಾರ ಉರುಳಿಸುವ ಸಂಚು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

13ರಂದು ಸರ್ಕಾರ ಷರತ್ತಿಲ್ಲದೆ ಶರಣಾಗುವಂತೆ ಗಡುವು ಕೊಟ್ಟಿತು. ಆ ರಾತ್ರಿ ಬರ್ನ್‌ನಲ್ಲಿ ಸಮಿತಿ ಕುಳಿತು ಚರ್ಚಿಸಿತು. ಮುಷ್ಕರ ಸೊರಗಿರಲಿಲ್ಲ, ಹಲವು ಊರುಗಳಲ್ಲಿ ಇನ್ನೂ ಬಲಗೊಳ್ಳುತ್ತಿತ್ತು. ಮುಂದುವರಿಸಿದರೆ ಶಸ್ತ್ರವಿಲ್ಲದ ಜನ ಮೆಷಿನ್‌ಗನ್ನುಗಳ ಎದುರು ನಿಲ್ಲಬೇಕಾಗುತ್ತಿತ್ತು. 14 ಬೆಳಗಾಗುವ ಮುನ್ನ, ನಡುರಾತ್ರಿಗೆ ಮುಷ್ಕರ ಮುಗಿಯುವುದೆಂದು ತೀರ್ಮಾನವಾಯಿತು. ಸುದ್ದಿ ತಿಳಿದ ಊರುಗಳಲ್ಲಿ ಕಾರ್ಮಿಕರು ಅದನ್ನು ನಂಬಲಿಲ್ಲ, ಸರ್ಕಾರ ಹಬ್ಬಿಸಿದ ಸುಳ್ಳೆಂದು ತಿಳಿದವರೂ ಇದ್ದರು. ಜ್ಯೂರಿಕ್‌ನ ಪಕ್ಷದ ಪತ್ರಿಕೆಯಲ್ಲಿ ಅದರ ಸಂಪಾದಕ ಅರ್ನ್ಸ್ಟ್ ನೋಬ್ಸ್, ಇಷ್ಟು ನಾಚಿಕೆಗೇಡಾಗಿ ಯಾವ ಮುಷ್ಕರವೂ ಕುಸಿದಿಲ್ಲವೆಂದು ಗೋಳಿಟ್ಟ. ತೀರ್ಮಾನ ಹೊರಬಿದ್ದ ಅದೇ ದಿನ ಮಧ್ಯಾಹ್ನ ಗ್ರೆಂಖೆನ್ ಎಂಬ ಗಡಿಯಾರ ತಯಾರಿಕೆಯ ಊರಿನಲ್ಲಿ ಸೈನಿಕರ ಗುಂಡಿಗೆ ಮೂವರು ಯುವ ಕಾರ್ಮಿಕರು ಬಲಿಯಾದರು.

ಮೊದಲೇ ಹೇಳಿದ ಅಪವಾದ ಗ್ರಿಮ್‌ನ ಹೆಗಲೇರಿದ್ದು ಹೀಗೆ. ಬಲಪಂಥೀಯರ ಬಾಯಲ್ಲಿ ಆತ ದೇಶ ಮಾರಲು ಹೊರಟ ಬೊಲ್ಶೆವಿಕ್, ಎಡಪಂಥದ ಒಂದು ಗುಂಪಿನ ಬಾಯಲ್ಲಿ ಗೆಲ್ಲುವ ಹೊತ್ತಿಗೆ ಕೈಚೆಲ್ಲಿದ ಹೇಡಿ. ನನ್ನ ಅಭಿಪ್ರಾಯದಲ್ಲಿ ಆತನ ರಾಜಕೀಯ ಜೀವನದ ಅತ್ಯಂತ ಹೊಣೆಯರಿತ ಕೆಲಸ ಆ ರಾತ್ರಿಯ ತೀರ್ಮಾನವೇ. ಇದಕ್ಕೆ ನನ್ನ ಆಧಾರ ಮುಂದೆ ಆತ ಬರೆದ ಪುಸ್ತಕ.

1919ರ ವಸಂತದಲ್ಲಿ ಸೇನಾ ನ್ಯಾಯಾಲಯ ಸಮಿತಿಯವರನ್ನು ವಿಚಾರಣೆಗೆ ಒಳಪಡಿಸಿತು. ಮುಷ್ಕರದ ಸಂಬಂಧವಾಗಿ ಸುಮಾರು 3,500 ಮಂದಿಯ ಮೇಲೆ ಮೊಕದ್ದಮೆ ಹೂಡಲಾಗಿತ್ತು, ಅವರಲ್ಲಿ ಹೆಚ್ಚಿನವರು ರೈಲ್ವೆ ನೌಕರರು. ಶಿಕ್ಷೆಯಾದದ್ದು 147 ಮಂದಿಗೆ. ಗ್ರಿಮ್, ಫ್ರಿಟ್ಸ್ ಪ್ಲಾಟನ್, ಫ್ರೀಡ್ರಿಖ್ ಶ್ನೈಡರ್ ಈ ಮೂವರಿಗೆ ಆರಾರು ತಿಂಗಳ ಸೆರೆ, ನೋಬ್ಸ್‌ಗೆ ನಾಲ್ಕು ವಾರ. ಗ್ರಿಮ್‌ನನ್ನು ಇಟ್ಟದ್ದು ಬರ್ನ್ ಪ್ರಾಂತದ ಸಿಮ್ಮೆಂಟಾಲ್ ಕಣಿವೆಯ ಬ್ಲಾಂಕೆನ್‌ಬರ್ಗ್ ಕೋಟೆಮನೆಯಲ್ಲಿ. ಅಲ್ಲಿ ಆತ ಬರೆದದ್ದೇ ವರ್ಗಸಂಘರ್ಷಗಳ ಮೂಲಕ ಸ್ವಿಟ್ಜರ್ಲೆಂಡಿನ ಇತಿಹಾಸವನ್ನು ಹೇಳುವ, 1920ರಲ್ಲಿ ಪ್ರಕಟವಾದ ಗ್ರಂಥ.

ಸ್ವಿಸ್ ಶಾಲಾ ಪಠ್ಯದ ಇತಿಹಾಸವೆಂದರೆ ಆಗ ವಿಲ್ಹೆಲ್ಮ್ ಟೆಲ್‌ನ ಬಾಣ, ರುಟ್ಲಿ ಬಯಲಿನ ಪ್ರತಿಜ್ಞೆ, ಹ್ಯಾಬ್ಸ್‌ಬರ್ಗ್ ದೊರೆಗಳನ್ನು ಬಗ್ಗುಬಡಿದ ರೈತವೀರರು. ಗ್ರಿಮ್ ಕೇಳಿದ್ದು ಬೇರೆ ಪ್ರಶ್ನೆ: ಆ ರೈತರ ಮೊಮ್ಮಕ್ಕಳು ಯಾರ ಹೊಲದಲ್ಲಿ ಗೇಯ್ದರು, ತೆರಿಗೆ ಯಾರು ಎತ್ತಿದರು, ನಗರದ ಕಸುಬುಸಂಘಗಳ ಬಾಗಿಲು ಯಾರಿಗೆ ಮುಚ್ಚಿತ್ತು. ಈ ದೃಷ್ಟಿಯಿಂದ ನೋಡುವವನಿಗೆ 1653ರ ರೈತಯುದ್ಧಕ್ಕಿಂತ ದೊಡ್ಡ ಘಟನೆ ಇಲ್ಲ. ಮೂವತ್ತು ವರ್ಷಗಳ ಯುದ್ಧ ಮುಗಿದ ಮೇಲೆ ಧಾನ್ಯದ ಬೆಲೆ ಕುಸಿದು ರೈತರು ಸಾಲದಲ್ಲಿದ್ದ ಹೊತ್ತಿಗೆ, ಬರ್ನ್ ನಗರದ ಆಳುವವರು ತಾವೇ ಟಂಕಿಸಿದ್ದ ಬಾಟ್ಸೆನ್ ನಾಣ್ಯದ ಬೆಲೆಯನ್ನು 1652ರ ಕೊನೆಗೆ ಅರ್ಧಕ್ಕೆ ಇಳಿಸಿದರು. ನಮ್ಮಲ್ಲಿ 2016ರ ನವೆಂಬರ್ ರಾತ್ರಿ ನೋಟು ರದ್ದಾದಾಗ ಟೊಮೆಟೊ ಮಂಡಿಯಲ್ಲಿ ಕೈಯಲ್ಲಿದ್ದ ಹಣವನ್ನು ಏನು ಮಾಡುವುದೆಂದು ತಿಳಿಯದೆ ನಿಂತವರಿಗೆ ಆ ರೈತರ ಸ್ಥಿತಿ ಅರ್ಥವಾದೀತು. ಎಂಟ್ಲೆಬುಖ್ ಮತ್ತು ಎಮ್ಮೆಂಟಾಲ್ ಕಣಿವೆಗಳ ರೈತರು ಎದ್ದರು, ಹುಟ್‌ವಿಲ್‌ನಲ್ಲಿ ಸೇರಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು, ನಿಕ್ಲಾಸ್ ಲಾಯೆನ್‌ಬರ್ಗರ್ ಎಂಬಾತನನ್ನು ಮುಖಂಡನನ್ನಾಗಿ ಆರಿಸಿ ಬರ್ನ್ ನಗರಕ್ಕೆ ಮುತ್ತಿಗೆ ಹಾಕಿದರು. ನಗರ ಮಾತುಕತೆಗೆ ಬಂತು. ಮುರಿಫೆಲ್ಡ್‌ನಲ್ಲಿ ಒಪ್ಪಂದವಾಗಿ, ಬೇಡಿಕೆಗಳು ಈಡೇರಿದವೆಂದು ನಂಬಿ ರೈತರು ಮುತ್ತಿಗೆ ಬಿಟ್ಟರು. ಕೆಲವೇ ದಿನಗಳಲ್ಲಿ ವೋಲೆನ್‌ಶ್ವಿಲ್ ಮತ್ತು ಹೆರ್ತ್ಸೋಗೆನ್‌ಬುಖ್ಸೆಗಳಲ್ಲಿ ನಗರಗಳ ಫಿರಂಗಿಗಳು ಅವರನ್ನು ಮುಗಿಸಿದವು. ಬರ್ನ್ ಒಪ್ಪಂದವನ್ನು ಮುರಿಯಿತು, ಲಾಯೆನ್‌ಬರ್ಗರ್‌ನ ತಲೆ ಕಡಿಸಿತು.

ಗ್ರಿಮ್ ಈ ಕಥೆಯನ್ನು ಸೆರೆಮನೆಗೆ ಬಂದ ಮೇಲೆ ಮೊದಲ ಸಲ ಕಲಿತನೆಂದು ನಾನು ನಂಬಲಾರೆ. ಬರ್ನ್‌ನಲ್ಲಿ ಒಂಬತ್ತು ವರ್ಷ ಪತ್ರಿಕೆ ನಡೆಸಿದವನಿಗೆ ಬರ್ನ್‌ನ ಆಳುವವರ ಫಿರಂಗಿಯ ಚರಿತ್ರೆ ತಿಳಿದೇ ಇರಬೇಕು. ನಗರ ಮತ್ತು ಹಳ್ಳಿಗಳು ಒಂದಾಗದೆ ಹೂಡಿದ ದಂಗೆ, ಸೈನ್ಯ ಎದುರಿಗೆ ನಿಂತ ಮೇಲೆ ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕ ಆತನಿಗೆ ಗೊತ್ತಿತ್ತು. 1653ರಲ್ಲಿ ನಗರದ ಜನ ರೈತರ ಜೊತೆಗಿರಲಿಲ್ಲ, 1918ರಲ್ಲಿ ರೈತರು ನಗರದ ಕಾರ್ಮಿಕರ ಜೊತೆಗಿರಲಿಲ್ಲ. ಇದು ನನ್ನ ಊಹೆ, ಆತನೇ ಹೀಗೆ ಹೇಳಿಕೊಂಡಿದ್ದಾನೆಂದು ನಾನು ಹೇಳುತ್ತಿಲ್ಲ. ಸಂಶೋಧನಾ ಗ್ರಂಥವೆಂದು ನೋಡಿದರೆ ಆ ಪುಸ್ತಕಕ್ಕೆ ಕುಂದುಗಳಿವೆ. ಸೆರೆಯಲ್ಲಿ ಕುಳಿತವನಿಗೆ ದಫ್ತರಖಾನೆಯ ಕಾಗದಪತ್ರ ಸಿಗುವುದಿಲ್ಲ, ಇತರರು ಬರೆದ ಪುಸ್ತಕಗಳನ್ನೇ ನೆಚ್ಚಬೇಕಾಗುತ್ತದೆ, ಧರ್ಮದ ಜಗಳಗಳೆಲ್ಲ ಆಸ್ತಿಯ ಜಗಳಗಳಾಗಿಯೇ ಕಾಣತೊಡಗುತ್ತವೆ. ಆದರೂ ಸೋತವರ ಕಡೆಯಿಂದ ಒಂದು ದೇಶದ ಇಡೀ ಚರಿತ್ರೆಯನ್ನು, ಕೂಲಿಯವನು ಓದಿ ತಿಳಿಯುವಂತೆ ಬರೆದ ಸಾಹಸಕ್ಕೆ ನಾನು ತಲೆಬಾಗುತ್ತೇನೆ. 1931ರಲ್ಲಿ ಸ್ವಿಟ್ಜರ್ಲೆಂಡಿನ ಸಮಾಜವಾದಿ ಚಿಂತನೆಗಳ ಇತಿಹಾಸವನ್ನು ಕುರಿತು ಇನ್ನೊಂದು ಪುಸ್ತಕವನ್ನೂ ಆತ ಹೊರತಂದ. ನಮ್ಮ ಗಣಿಯ ಕಥೆಯನ್ನು, ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ನಡೆದ ಮುಷ್ಕರದ ಕಥೆಯನ್ನು, ಹೊರಗಿನ ವಿದ್ವಾಂಸರು ಬರೆದಿದ್ದಾರೆ; ಮುಷ್ಕರದೊಳಗೆ ಇದ್ದವರೊಬ್ಬರು ಕನ್ನಡದಲ್ಲಿ ಹೀಗೆ ಬರೆದದ್ದನ್ನು ನಾನಂತೂ ಓದಿಲ್ಲ.

ಮುಷ್ಕರ ಸೋತಿತೇ? 1919ರ ಅಕ್ಟೋಬರಿನಲ್ಲಿ ಹೊಸ ಪದ್ಧತಿಯ ಚುನಾವಣೆ ನಡೆದು, 1848ರಿಂದ ಬಹುಮತ ಕಳೆದುಕೊಳ್ಳದಿದ್ದ ಉದಾರವಾದಿ ಪಕ್ಷ 103ರಿಂದ 60 ಸ್ಥಾನಕ್ಕೆ ಇಳಿಯಿತು, ಸಮಾಜವಾದಿಗಳು 20ರಿಂದ 41ಕ್ಕೆ ಏರಿದರು. ಅದೇ ವರ್ಷ ಕಾರ್ಖಾನೆಗಳಲ್ಲಿ 48 ಗಂಟೆಗಳ ವಾರ ಬಂತು. ವೃದ್ಧಾಪ್ಯ ವಿಮೆಗೆ 1925ರಲ್ಲಿ ಸಂವಿಧಾನದಲ್ಲಿ ಜಾಗ ಸಿಕ್ಕಿತು, 1931ರಲ್ಲಿ ಜನಮತದಲ್ಲಿ ಸೋತಿತು, 1947ರ ಜುಲೈ 6ರಂದು ಗೆದ್ದು 1948ರ ಜನವರಿಯಿಂದ ಜಾರಿಗೆ ಬಂತು. ಹೆಂಗಸರ ಮತದಾನ ಮಾತ್ರ ಗ್ರಿಮ್ ಬದುಕಿರುವವರೆಗೂ ಬರಲಿಲ್ಲ. 1959ರಲ್ಲಿ ಗಂಡಸರು ಅದನ್ನು ತಿರಸ್ಕರಿಸಿದರು, 1971ರ ಫೆಬ್ರವರಿಯಲ್ಲಿ ಒಪ್ಪಿದರು. ನಮ್ಮ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅಕ್ಷರ ಬಾರದ ಅಜ್ಜಿಯರು ಮತ ಹಾಕಿ ಬಂದ ಕಾಲಕ್ಕೆ, ಪ್ರಜಾಪ್ರಭುತ್ವದ ತವರೆಂದು ಪಠ್ಯಪುಸ್ತಕ ಹೊಗಳುವ ದೇಶದ ಓದಿದ ಹೆಂಗಸರಿಗೆ ಆ ಹಕ್ಕು ಇರಲಿಲ್ಲ. ಬೇಡಿಕೆಯ ಪಟ್ಟಿಯಲ್ಲಿ ಎರಡನೆಯದಾಗಿದ್ದ ಇದಕ್ಕಾಗಿ ಗ್ರಿಮ್‌ನ ಪಕ್ಷ ಆಮೇಲೆ ಎಷ್ಟು ಬೆವರು ಸುರಿಸಿತು ಎಂದು ಕೇಳುವುದು ನ್ಯಾಯವೇ. ಒಬ್ಬಳೇ ಹೆಣ್ಣುಮಗಳಿಗೂ ಜಾಗ ಉಳಿಸದ ಸಮಿತಿಯ ಪಟ್ಟಿ ತಾನೇ ಅದು.

ಸೆರೆಯಿಂದ ಬಂದವನ ಮುಂದಿನ ನಾಲ್ಕು ದಶಕಗಳು ಕಡತಗಳ ನಡುವೆ ಕಳೆದವು. ಮಾಸ್ಕೋದ ಹೊಸ ಇಂಟರ್‌ನ್ಯಾಷನಲ್, ಅಂದರೆ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟ, ವಿಧಿಸಿದ 21 ಷರತ್ತುಗಳನ್ನು ಒಪ್ಪದೆ ಪಕ್ಷವನ್ನು ಅದರಿಂದ ಹೊರಗೆ ನಿಲ್ಲಿಸಿದವರಲ್ಲಿ ಆತನೂ ಒಬ್ಬ. 1918ರಿಂದ 1938ರವರೆಗೆ ಬರ್ನ್ ನಗರದ ಆಡಳಿತದಲ್ಲಿ ಅನಿಲ, ನೀರು, ವಿದ್ಯುತ್ತಿನಂಥ ಉದ್ಯಮಗಳನ್ನು ನೋಡಿಕೊಂಡ. 1926ರಲ್ಲಿ ಸರದಿಯಂತೆ ಬರಬೇಕಿದ್ದ ರಾಷ್ಟ್ರೀಯ ಸಭೆಯ ಅಧ್ಯಕ್ಷ ಪೀಠವನ್ನು, ಮುಷ್ಕರದ ಸಿಟ್ಟು ಆರದ ಎದುರು ಪಕ್ಷಗಳು ತಪ್ಪಿಸಿದವು. ಹಿಟ್ಲರ್ ಪಕ್ಕದ ಮನೆಯಲ್ಲೇ ಅಧಿಕಾರಕ್ಕೆ ಬಂದ ಮೇಲೆ ಆತನ ಪಕ್ಷ ದೇಶದ ಸೈನಿಕ ರಕ್ಷಣೆಯನ್ನು ಒಪ್ಪಿಕೊಂಡಿತು. ಜಿಮ್ಮರ್‌ವಾಲ್ಡ್ ಸಭೆ ಕರೆದಿದ್ದವನೂ ಆ ಕಡೆಗೆ ಬಂದ. 1938ರಲ್ಲಿ ಬರ್ನ್ ಪ್ರಾಂತ ಸರ್ಕಾರ ಸೇರಿದ ಮೊದಲ ಇಬ್ಬರು ಸಮಾಜವಾದಿಗಳಲ್ಲಿ ಆತ ಒಬ್ಬನಾಗಿ, ಕಟ್ಟಡ ಮತ್ತು ರೈಲ್ವೆ ಖಾತೆ ವಹಿಸಿಕೊಂಡ. ಎರಡನೆಯ ಮಹಾಯುದ್ಧ ಬಂದಾಗ ದೇಶದ ಇಂಧನ ಮತ್ತು ವಿದ್ಯುತ್ ಹಂಚಿಕೆಯ ಹೊಣೆಯನ್ನು ಒಕ್ಕೂಟ ಸರ್ಕಾರ ಅದೇ 'ಬೊಲ್ಶೆವಿಕ್'ನ ಕೈಗೆ ಕೊಟ್ಟಿತು. ಈ ಸಲ ಸೈನಿಕರ ಮನೆಗೆ ಕೂಲಿಯ ಪರಿಹಾರ ಸಿಗುವ ವ್ಯವಸ್ಥೆ ಆರಂಭದಲ್ಲೇ ಬಂತು, ಪಡಿತರವೂ ಬೇಗ ಬಂತು. 1918ರ ಪಾಠವನ್ನು ಮುಷ್ಕರ ಮುರಿದವರೂ ಕಲಿತಿದ್ದರು. 1943ರ ಡಿಸೆಂಬರಿನಲ್ಲಿ ಏಳು ಮಂದಿಯ ಒಕ್ಕೂಟ ಸರ್ಕಾರಕ್ಕೆ ಆಯ್ಕೆಯಾದ ಮೊದಲ ಸಮಾಜವಾದಿ ಯಾರೆಂದರೆ, ಮುಷ್ಕರ ನಿಲ್ಲಿಸಿದ್ದಕ್ಕೆ ಗೋಳಿಟ್ಟು ನಾಲ್ಕು ವಾರ ಸೆರೆವಾಸ ಅನುಭವಿಸಿದ್ದ ನೋಬ್ಸ್.

ಗ್ರಿಮ್‌ಗೆ ಆ ಮಂತ್ರಿ ಪದವಿ ಎಂದೂ ಬರಲಿಲ್ಲ. ಇಪ್ಪತ್ತು ವರ್ಷ ತಡವಾಗಿ, 1945-46ರ ಅವಧಿಗೆ, ರಾಷ್ಟ್ರೀಯ ಸಭೆಯ ಅಧ್ಯಕ್ಷನಾದ. ನಮ್ಮ ಕೆಜಿಎಫ್‌ನಲ್ಲಿ ಪೊಲೀಸರ ಗುಂಡಿಗೆ ಗಣಿ ಕಾರ್ಮಿಕರು ಬಲಿಯಾದದ್ದೂ 1946ರ ನವೆಂಬರಿನಲ್ಲೇ. ಅದೇ ವರ್ಷದಿಂದ 1953ರವರೆಗೆ ಗ್ರಿಮ್ ಬರ್ನ್‌ನಿಂದ ಲೋಟ್ಷ್‌ಬರ್ಗ್ ಸುರಂಗದ ಮೂಲಕ ಇಟಲಿಯ ದಿಕ್ಕಿಗೆ ಹೋಗುವ ರೈಲ್ವೆ ಕಂಪನಿಯ ನಿರ್ದೇಶಕನಾಗಿದ್ದ. ಹದಿನಾಲ್ಕೂವರೆ ಕಿಲೋಮೀಟರ್ ಉದ್ದದ ಆ ಸುರಂಗವನ್ನು ಕೊರೆಯುವಾಗ, 1908ರಲ್ಲಿ, ನೀರು ಕೆಸರು ನುಗ್ಗಿ ಇಪ್ಪತ್ತೈದು ಕಾರ್ಮಿಕರು ಒಳಗೇ ಸಮಾಧಿಯಾಗಿದ್ದರು. ಸೆರೆಯಿದ್ದ ಸಿಮ್ಮೆಂಟಾಲ್ ಕಣಿವೆಯ ರೈಲುಮಾರ್ಗವನ್ನು ನಡೆಸುತ್ತಿದ್ದುದೂ ಇದೇ ಕಂಪನಿ. ಸಾರ್ವತ್ರಿಕ ಮುಷ್ಕರದಲ್ಲಿ ದೇಶದ ರೈಲುಗಳನ್ನು ನಿಲ್ಲಿಸಿದವನೇ ವೇಳೆಗೆ ಸರಿಯಾಗಿ ರೈಲು ಓಡಿಸುವ ಕೆಲಸಕ್ಕೆ ಬಂದದ್ದನ್ನು ಕೆಲವರು ಪತನವೆನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೆಳಕು, ನೀರು, ರೈಲು ಖಾಸಗಿ ಲಾಭಕ್ಕಲ್ಲದೆ ಎಲ್ಲರಿಗೂ ಸಿಗಬೇಕೆಂದು ಭಾಷಣ ಮಾಡಿದವನು, ಅವುಗಳ ಲೆಕ್ಕಪುಸ್ತಕ ಹಿಡಿಯಲು ಹಿಂಜರಿಯಬೇಕೇಕೆ? ನಮ್ಮಲ್ಲಿ ಭಾಷಣ ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ, ನೀರು ಸರಬರಾಜು ಮಂಡಳಿಯ ಕಡತವನ್ನು ಇಪ್ಪತ್ತು ವರ್ಷ ಹೊತ್ತ ಕ್ರಾಂತಿಕಾರಿಯನ್ನು ನಾನು ಕಂಡಿಲ್ಲ.

ಗ್ರಿಮ್ ತೀರಿಕೊಂಡದ್ದು 1958ರ ಮಾರ್ಚ್ 8ರಂದು, ಬರ್ನ್‌ನಲ್ಲಿ. ಮಾಸ್ಕೋದ ಸಂಚಿನ ಕಥೆ ಆಗಲೂ ಬಲವಾಗಿಯೇ ಇತ್ತು. ಜಿಮ್ಮರ್‌ವಾಲ್ಡ್ ಹಳ್ಳಿಗೆ ಸೋವಿಯತ್ ಒಕ್ಕೂಟದ ಶಾಲಾಮಕ್ಕಳು ಅಲ್ಲಿನ ಲೆನಿನ್ ಸ್ಮಾರಕದ ಚಿತ್ರ ಕಳಿಸಿಕೊಡಿ ಎಂದು ಪತ್ರ ಬರೆಯುತ್ತಿದ್ದರು. ಕಿರಿಕಿರಿಗೊಂಡ ಗ್ರಾಮಾಡಳಿತ 1960ರ ದಶಕದಲ್ಲಿ ಊರಿನಲ್ಲಿ ಯಾವುದೇ ಸ್ಮಾರಕ ಫಲಕ ಹಾಕದಂತೆ ನಿಯಮ ಮಾಡಿತು, ಮುಂದಿನ ದಶಕದ ಆರಂಭದಲ್ಲಿ ಹಳೆಯ ವಸತಿಗೃಹದ ಒಂದು ಕಟ್ಟಡವನ್ನು ಕೆಡವಿಸಿತು. ಸಂಚಿನ ಕಥೆಗೆ ಪೆಟ್ಟು ಬಿದ್ದದ್ದು ಮುಷ್ಕರದ ಐವತ್ತನೆಯ ವರ್ಷ, 1968ರಲ್ಲಿ. ಆ ವರ್ಷ ವಿಲ್ಲಿ ಗೌಚಿ ಎಂಬ ಇತಿಹಾಸಕಾರ ದಫ್ತರಗಳನ್ನು ಶೋಧಿಸಿ, ಸ್ವಿಟ್ಜರ್ಲೆಂಡಿನಲ್ಲಿ ಸಶಸ್ತ್ರ ಕ್ರಾಂತಿಗೆ ಸಮಿತಿ ಸಿದ್ಧತೆ ನಡೆಸಿತ್ತೆಂಬುದಕ್ಕಾಗಲಿ, ರಷ್ಯಾದಿಂದ ನಿರ್ದೇಶನ ಬಂದಿತ್ತೆಂಬುದಕ್ಕಾಗಲಿ ಆಧಾರವಿಲ್ಲವೆಂದು ತೋರಿಸಿಕೊಟ್ಟ. ಸೆರೆಮನೆಯಲ್ಲಿದ್ದ ಗ್ರಿಮ್‌ಗೆ ಸಿಗದಿದ್ದ ಕಾಗದಗಳ ಬಲದಿಂದ, ಗ್ರಿಮ್‌ನ ಪಕ್ಷದವನಲ್ಲದ ಒಬ್ಬ ಶಿಕ್ಷಕ ಮಾಡಿದ ಕೆಲಸ ಅದು.